ನಿಮ್ಮ ಕಥೆಯಲ್ಲಿ ಆ ಮೂವರು ಇನ್ನೂ ನುಡಿಸಿಯೇ ಇಲ್ಲ

ನಮಸ್ಕಾರ.

ನೀವು ಕಳಿಸಿದ ಕಥೆ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸೋಕೆ ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಕೊನೆಯ ಪ್ಯಾರಾದ ತನಕ ನಿಮ್ಮನ್ನು ಕಾಯಿಸೋದು ಸರಿಯಲ್ಲ. ಸಾಮಾನ್ಯವಾಗಿ ಇಂಥ ಉತ್ತರ ಎರಡು ಸಾಲಿನಲ್ಲಿ ಮುಗಿಯುತ್ತದೆ. ಇಷ್ಟುದ್ದ ಬರೆಯುತ್ತಿರುವುದು ಯಾಕೆಂದರೆ ನಿಮ್ಮ ಕೈಯಲ್ಲಿ ಒಳ್ಳೆಯ ಸರಕಿದೆ, ಅದನ್ನು ನೀವೇ ಗಮನಿಸಿದ ಹಾಗೆ ಕಾಣುವುದಿಲ್ಲ. ನೀವು ಒಪ್ಪಿದ್ದರಿಂದ ಹೆಸರು ತೆಗೆದು ಈ ಪತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ, ಹಾಗಾಗಿ ಕಥೆ ಏನೆಂದು ಚುಟುಕಾಗಿ ಹೇಳಬೇಕು. ನ್ಯೂಜೆರ್ಸಿಯ ಒಂದು ಮನೆಯ ನೆಲಮಾಳಿಗೆ. ಭಾನುವಾರ ಸಂಜೆ ಮೂವರು ಹವ್ಯಾಸಿ ಗಿಟಾರ್ ವಾದಕರು ಸೇರುತ್ತಾರೆ: ಸಾಫ್ಟ್‌ವೇರ್ ಕೆಲಸದ ಕನ್ನಡಿಗ ನಿರೂಪಕ, ಒಬ್ಬ ಹಲ್ಲಿನ ಡಾಕ್ಟರು, ಬಸ್ ಓಡಿಸಿ ನಿವೃತ್ತನಾದ ಒಬ್ಬ ಅಜ್ಜ. 'ಡಾನಾ ಲೀ' ಎಂಬ ಬೀಬಾಪ್ (ತುಂಬಾ ವೇಗದ ಒಂದು ಜಾಜ್ ಶೈಲಿ) ಟ್ಯೂನನ್ನು ಅದರ ನಿಜವಾದ ವೇಗದಲ್ಲೇ ನುಡಿಸಬೇಕು ಅಂತ ಹಟ ಹಿಡಿಯುತ್ತಾರೆ. ಸೋಲುತ್ತಾರೆ, ಅಭ್ಯಾಸ ಮಾಡುತ್ತಾರೆ, ಊರಿನ ಲೈಬ್ರರಿಯಲ್ಲಿ ನುಡಿಸುತ್ತಾರೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ.

ಈಗ ತೊಂದರೆ ಏನು? ಕಥೆಯ ತುಂಬ ಸಂಗೀತ ಇದೆ ಅಂತ ನೀವು ಅಂದುಕೊಂಡಿದ್ದೀರಿ. ಇರೋದು ಸಂಗೀತದ ಬಗ್ಗೆ ಹೊಗಳಿಕೆ. 'ಸ್ವರಗಳ ಸುರಿಮಳೆ', 'ಬೆರಳುಗಳು ತಂತಿಯ ಮೇಲೆ ನರ್ತಿಸಿದವು', 'ನಾದಲೋಕದಲ್ಲಿ ತೇಲಿದರು'. ಈ ಮಾತುಗಳನ್ನು ಹಾಗೇ ಎತ್ತಿ ಯಾವ ಕಛೇರಿಯ ವರದಿಗೆ ಅಂಟಿಸಿದರೂ ಕೂತುಕೊಳ್ಳುತ್ತವೆ. ಅವರು ಸೋತರು ಅಂತ ಬರೆದಿದ್ದೀರಿ, ಎಲ್ಲಿ ಸೋತರು ಅಂತ ಬರೆದಿಲ್ಲ. ಎಷ್ಟನೇ ಬಾರ್‌ನಲ್ಲಿ, ಅಂದರೆ ನಾಲ್ಕು ಬೀಟಿನ ಎಷ್ಟನೇ ಸುತ್ತಿನಲ್ಲಿ? ಯಾರ ಕೈ ಮೊದಲು ನಿಂತಿತು? ಉಳಿದಿಬ್ಬರು ಅದನ್ನು ಗಮನಿಸಿದರಾ, ಅಥವಾ ಗಮನಿಸದವರ ಹಾಗೆ ಮುಂದೆ ಹೋದರಾ?

ಸುಮ್ನೆ ಲೆಕ್ಕ ಹಾಕಿ ನೋಡಿ. ಅವರು ಹಟ ಹಿಡಿದ ವೇಗ ನಿಮಿಷಕ್ಕೆ ಸುಮಾರು 220 ಬೀಟ್ ಅಂದರೆ, ಬೀಟಿಗೆ ಎರಡು ಸ್ವರದಂತೆ ಸೆಕೆಂಡಿಗೆ ಏಳಕ್ಕಿಂತ ಜಾಸ್ತಿ ಸ್ವರ. 32 ಬಾರ್‌ಗಳ ಇಡೀ ಟ್ಯೂನ್ 35 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ನಿಮ್ಮ ಕಥೆಯಲ್ಲಿ ಅದನ್ನು ಒಂದು ಸಲ ನುಡಿಸೋಕೆ ಐದು ನಿಮಿಷ ಹಿಡಿಯುತ್ತದೆ, ಆ ಐದು ನಿಮಿಷದಲ್ಲಿ ನಿರೂಪಕನಿಗೆ ಅಮ್ಮನ ಅಡುಗೆಮನೆ, ಊರಿನ ಕೆರೆ, ಕಾಲೇಜಿನ ಪ್ರೇಮ ಎಲ್ಲ ನೆನಪಾಗುತ್ತದೆ. ಆ ವೇಗದಲ್ಲಿ ನುಡಿಸುವ ಹವ್ಯಾಸಿಗೆ ಏನೂ ನೆನಪಾಗುವುದಿಲ್ಲ ಸ್ವಾಮಿ. ಮುಂದಿನ ಸ್ವರ ಯಾವ ಫ್ರೆಟ್‌ನಲ್ಲಿದೆ (ಗಿಟಾರಿನ ಕತ್ತಿನ ಮೇಲಿನ ಯಾವ ಮನೆಯಲ್ಲಿದೆ) ಅನ್ನೋದು ನೆನಪಾದರೆ ಅವನ ಪುಣ್ಯ.

ಇನ್ನೊಂದು ವಿಷಯ. ಇದು ಊದುವ ವಾದ್ಯದವರು ಕಟ್ಟಿದ ಟ್ಯೂನ್. ಸ್ಯಾಕ್ಸೋಫೋನ್‌ನವನು ಒಂದೇ ಉಸಿರಿನಲ್ಲಿ ನಾಲ್ಕಾರು ಸ್ವರಗಳನ್ನು ಕಟ್ಟಿಕೊಂಡು ಹೋಗಬಹುದು. ಗಿಟಾರ್‌ನವನು ಹೆಚ್ಚುಕಮ್ಮಿ ಪ್ರತಿಯೊಂದನ್ನೂ ಪಿಕ್ ಅನ್ನೋ ಚಿಕ್ಕ ಬಿಲ್ಲೆಯಿಂದ ಮೀಟಬೇಕು, ಮೀಟುತ್ತಲೇ ಒಂದು ತಂತಿಯಿಂದ ಇನ್ನೊಂದಕ್ಕೆ ಹಾರಬೇಕು, ಮಧ್ಯೆ ಅಲ್ಲಲ್ಲಿ ಟ್ರಿಪ್ಲೆಟ್ (ಎರಡು ಸ್ವರದ ಜಾಗದಲ್ಲಿ ಮೂರು) ಬಂದು ಕೈಯ ಲೆಕ್ಕವನ್ನೇ ತಪ್ಪಿಸುತ್ತದೆ. ಶ್ರುತಿಯೂ ಎ ಫ್ಲ್ಯಾಟ್, ಬೆರಳೊತ್ತದೆ ಮೀಟುವ ಖಾಲಿ ತಂತಿಗಳ ಸಹಾಯ ಇಲ್ಲವೇ ಇಲ್ಲ ಅನ್ನಬಹುದು. ಅದರ ಮೇಲೆ, ಗಿಟಾರ್‌ನಲ್ಲಿ ಒಂದೇ ಸ್ವರ ಮೂರು ನಾಲ್ಕು ಕಡೆ ಸಿಗುತ್ತದೆ. ಡಾಕ್ಟರು ನಾಲ್ಕನೇ ಫ್ರೆಟ್ಟಿನ ಸುತ್ತ ಕಲಿತಿದ್ದಾರೆ, ನಿಮ್ಮ ನಿರೂಪಕ ಯಾವುದೋ ವಿಡಿಯೋ ನೋಡಿ ಎಂಟನೆಯದರ ಸುತ್ತ ಕಲಿತಿದ್ದಾನೆ ಅಂದುಕೊಳ್ಳಿ. ಒಬ್ಬ ತಂತಿ ಬದಲಿಸುವ ಜಾಗದಲ್ಲಿ ಇನ್ನೊಬ್ಬ ಬದಲಿಸುವುದಿಲ್ಲ, ಇಬ್ಬರೂ ತಡವರಿಸುವುದು ಬೇರೆ ಬೇರೆ ಕಡೆ. ಮೂವರೂ ಒಟ್ಟಿಗೆ ಅದೇ ಸಾಲು ನುಡಿಸಿದರೆ ಹೆಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಕೇಳಿಸುತ್ತದೆ. ನೀವು ಅದನ್ನು 'ಮೂರು ಗಿಟಾರ್ ಒಂದೇ ದನಿಯಾಗಿ ಹೊಮ್ಮಿದವು' ಅಂತ ಬರೆದಿದ್ದೀರಿ, ಅದೂ ಎರಡನೇ ಭಾನುವಾರವೇ! ನಂಬೋದು ಕಷ್ಟ.

ನಿಮ್ಮ ನೆಲಮಾಳಿಗೆಯಲ್ಲಿ ತಗ್ಗು ದನಿಯ ಬೇಸ್ ಇಲ್ಲ, ಡ್ರಮ್ಸ್ ಇಲ್ಲ. ಹಾಗಿದ್ದ ಮೇಲೆ ಹಿಂದೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯುವವರು ಯಾರು? ಕಥೆಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಮೂರು ಗಿಟಾರ್ ಸೇರಿದ ಯಾವ ಕೋಣೆಯಲ್ಲಾದರೂ ಮೊದಲು ಏಳುವ ಪ್ರಶ್ನೆ ಇದೇ ಅಲ್ವಾ? ಎಲ್ಲರಿಗೂ ಆ ಮೆರೆಯುವ ಸಾಲು ಬೇಕು, ಹಿಂದೆ ಕೂತು ತಾಳ ಕೊಡುವ ಕೆಲಸ ಯಾರಿಗೂ ಬೇಡ. ಇಬ್ಬರು ಕಾರ್ಡ್ ಹಿಡಿದರೂ ಕಷ್ಟವೇ. ಆರು ತಂತಿಯ ದಪ್ಪ ಕಾರ್ಡ್‌ಗಳನ್ನು ಇಬ್ಬರೂ ಬಾರಿಸಿದರೆ ಎಲ್ಲ ಕಲಸಿಹೋಗುತ್ತದೆ. ಒಬ್ಬರು ಸುಮ್ಮನಿರಬೇಕು, ಇನ್ನೊಬ್ಬರು ಕಾರ್ಡಿನ ಬುಡದ ಸ್ವರದಿಂದ ಎಣಿಸಿ ಮೂರನೇ ಮತ್ತು ಏಳನೇ ಸ್ವರ ಮಾತ್ರ ಹಿಡಿದು ತೆಳ್ಳಗೆ ನುಡಿಸಬೇಕು. ಅಂದರೆ ಯಾರಾದರೂ ಕಮ್ಮಿ ನುಡಿಸೋಕೆ ಒಪ್ಪಿಕೊಳ್ಳಬೇಕು. ಎಲ್ಲರಿಗಿಂತ ದುಬಾರಿ ಗಿಟಾರ್ ಡಾಕ್ಟರ ಹತ್ತಿರ ಇದೆ ಅಂತ ಮೊದಲ ಪುಟದಲ್ಲೇ ಹೇಳಿದ್ದೀರಿ, ಆಮೇಲೆ ಆ ಗಿಟಾರ್ ಏನಾಯಿತು ಅಂತಲೇ ಗೊತ್ತಾಗುವುದಿಲ್ಲ. ಅಷ್ಟು ದುಡ್ಡು ಸುರಿದ ಮನುಷ್ಯನಿಗೆ ಎರಡೇ ಸ್ವರದ ಕೆಲಸ ಕೊಡಿ, ಜಗಳ ತಾನಾಗಿ ಶುರುವಾಗುತ್ತದೆ. ಈಗ ನಿಮ್ಮ ಕಥೆಯಲ್ಲಿ ಜಗಳವೇ ಇಲ್ಲ. ಮೂವರೂ ಒಬ್ಬರನ್ನೊಬ್ಬರು ಹುರಿದುಂಬಿಸುತ್ತಾ ಕಾಫಿ ಕುಡಿಯುತ್ತಾರೆ.

ತಾಳ ಹಾಕುವ ಯಂತ್ರ, ಮೆಟ್ರೊನೋಮ್, ಬರುವ ಪ್ಯಾರಾ ಮಾತ್ರ ಚೆನ್ನಾಗಿದೆ, ತುಂಬಾ ಚೆನ್ನಾಗಿದೆ. ಅಜ್ಜ ಅದನ್ನು 100ಕ್ಕೆ ಇಟ್ಟು, ಆ ಟಕ್ ಟಕ್ ಅನ್ನು ಪ್ರತಿ ಬಾರಿನ ಎರಡು ಮತ್ತು ನಾಲ್ಕನೇ ಬೀಟ್ ಅಂತ ಕೇಳಿಸಿಕೊಳ್ಳಿ ಅನ್ನುತ್ತಾನೆ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗಿ ಮೊದಲ ಪೆಟ್ಟಿಗೆ ತೊಡೆ ತಟ್ಟಿ ಬೆಳೆದ ನಿಮ್ಮ ನಿರೂಪಕನ ಕೈ ಪ್ರತಿ ಸಲವೂ ತಪ್ಪು ಜಾಗದಲ್ಲೇ ಬೀಳುತ್ತದೆ. ಕೊನೆಗೆ ಅವನು ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾನೆ. ಇಲ್ಲಿ ಒಂದೂ ಬಣ್ಣದ ಮಾತಿಲ್ಲ, ಆದರೆ ನಮ್ಮ ಓದುಗರಲ್ಲಿ ತಾಳ ಹಾಕಿ ಗೊತ್ತಿರುವ ಪ್ರತಿಯೊಬ್ಬರಿಗೂ ಇದು ತಟ್ಟುತ್ತದೆ. ಇದಕ್ಕೆ ಇನ್ನೂ ಒಂದು ಎಳೆ ಸೇರಿಸಬಹುದು. ನಿಧಾನವಾಗಿ ನುಡಿಸುವಾಗ ಜಾಜ್‌ನ ಎರಡು ಸ್ವರ ಒಂದು ಉದ್ದ ಒಂದು ಗಿಡ್ಡ ಅಂತ ತೂಗುತ್ತವೆ, ವೇಗ ಏರಿದಂತೆ ಆ ತೂಗು ಕಮ್ಮಿಯಾಗಿ ಎರಡೂ ಸುಮಾರು ಸಮ ಆಗುತ್ತವೆ. ನಿಧಾನದಲ್ಲಿ ಚೆನ್ನಾಗಿ ಕಲಿತವನು ವೇಗ ಏರಿಸಿದಾಗ ಕುಂಟುವುದು ಇದಕ್ಕೇ. ತಿಂಗಳುಗಟ್ಟಲೆ ಕಷ್ಟಪಟ್ಟವನಿಗೆ ಇದು ಅನ್ಯಾಯ ಅನ್ನಿಸುತ್ತದೆ, ಆ ಅನ್ಯಾಯವನ್ನೂ ಬರೆಯಿರಿ.

ಇನ್ನು ಇತಿಹಾಸದ ಎರಡು ಪುಟ. ತೆಗೆದುಹಾಕಿ. ಅದರಲ್ಲಿ ತಪ್ಪುಗಳೂ ಇವೆ. 'ಡಾನಾ ಲೀ' ರೆಕಾರ್ಡ್ ಆಗಿದ್ದು 1945ರಲ್ಲಿ ಅಲ್ಲ, 1947ರ ಮೇ 8ರಂದು, ಸವಾಯ್ ಕಂಪನಿಗೆ. ಸ್ಯಾಕ್ಸೋಫೋನ್ ನುಡಿಸಿದ ಚಾರ್ಲಿ ಪಾರ್ಕರ್ ಜೊತೆ ಟ್ರಂಪೆಟ್ ಊದಿದ್ದು ಡಿಜ್ಜಿ ಗಿಲೆಸ್ಪಿ ಅಲ್ಲ, ಮೈಲ್ಸ್ ಡೇವಿಸ್, ಆಗ ಇಪ್ಪತ್ತರ ಹುಡುಗ. ಪಿಯಾನೋ ಬಡ್ ಪವೆಲ್, ಡ್ರಮ್ಸ್ ಮ್ಯಾಕ್ಸ್ ರೋಚ್. ಆ ರೆಕಾರ್ಡಿಂಗ್‌ನಲ್ಲಿ ಗಿಟಾರೇ ಇಲ್ಲ, ನೀವು 'ಗಿಟಾರ್‌ನ ಝೇಂಕಾರ' ಕೇಳಿಸಿಕೊಂಡಿದ್ದು ಹೇಗೋ ಗೊತ್ತಿಲ್ಲ. ಟ್ಯೂನ್ ಪಾರ್ಕರ್ ಹೆಸರಿನಲ್ಲಿದೆ, ಆದರೆ ಅದನ್ನು ಕಟ್ಟಿದ್ದು ನಾನು ಅಂತ ಡೇವಿಸ್ ಆಮೇಲೆ ಹೇಳಿಕೊಂಡ. ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ 1976ರ ತನ್ನ ಮೊದಲ ಆಲ್ಬಂ ಅನ್ನು ಇದೇ ಟ್ಯೂನಿನಿಂದ, ಬರೀ ಬೇಸ್ ಗಿಟಾರ್ ಮತ್ತು ಕಾಂಗಾ ಡ್ರಮ್ ಇಟ್ಟುಕೊಂಡು ಶುರು ಮಾಡಿದ ಅನ್ನೋದನ್ನು ಸರಿಯಾಗೇ ಬರೆದಿದ್ದೀರಿ. ಆದರೆ ಅದು ಇಲ್ಲಿ ಯಾಕೆ? ಮೂವರಲ್ಲಿ ಯಾರಾದರೂ ಅದನ್ನು ಕೇಳಿ ಗಿಟಾರ್ ಕೆಳಗಿಟ್ಟರೆ ಸರಿ. ಇಲ್ಲದಿದ್ದರೆ ಅದು ನಿಮ್ಮ ನೋಟ್ಸ್, ಕಥೆ ಅಲ್ಲ.

ಆ ಎರಡು ಪುಟದಲ್ಲಿ ಉಳಿಸಬೇಕಾದ ಸಂಗತಿ ಒಂದೇ, ಅದನ್ನು ನೀವು ಅರ್ಧ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. 'ಡಾನಾ ಲೀ' ಕೂತಿರುವುದು 1917ರ ಒಂದು ಹಳೇ ಹಾಡಿನ ಕಾರ್ಡ್‌ಗಳ ಮೇಲೆ, 'ಬ್ಯಾಕ್ ಹೋಮ್ ಅಗೇನ್ ಇನ್ ಇಂಡಿಯಾನಾ'. ಆ ಕಾಲದ ಬೀಬಾಪ್‌ನವರು ಹೀಗೆ ಮಾಡುತ್ತಿದ್ದರು: ಎಲ್ಲರಿಗೂ ಬಾಯಿಪಾಠ ಇರುವ ಹಾಡಿನ ಕಾರ್ಡ್‌ಗಳನ್ನು ಇಟ್ಟುಕೊಂಡು ಮೇಲೆ ಹೊಸ ಸಾಲು ಕಟ್ಟೋದು. ಕಾರ್ಡ್‌ಗಳ ಓಟಕ್ಕೆ ಯಾರ ಹಕ್ಕೂ ಇಲ್ಲ, ಹಾಗಾಗಿ ಹಳೇ ಹಾಡಿನವರಿಗೆ ರಾಯಲ್ಟಿಯೂ ಇಲ್ಲ.

ಈಗ ನಿಮ್ಮದೇ ಮೂರನೇ ಪುಟ ತೆಗೆಯಿರಿ. ಬಸ್ ಅಜ್ಜ ಹುಟ್ಟಿ ಬೆಳೆದಿದ್ದು ಅದೇ ಇಂಡಿಯಾನಾ ರಾಜ್ಯದ ಇಂಡಿಯಾನಾಪೊಲಿಸ್‌ನಲ್ಲಿ ಅಂತ ನೀವೇ ಬರೆದಿದ್ದೀರಿ! ಬರೆದು ಮರೆತುಬಿಟ್ಟಿದ್ದೀರಿ. ಆ ಊರಿನ ಕಾರ್ ರೇಸ್, ಇಂಡಿ 500, ಮೇ ಕೊನೆಯಲ್ಲಿ ನಡೆಯುತ್ತದೆ, ರೇಸಿಗೆ ಮೊದಲು ಈ ಹಾಡು ಹಾಡುವ ಪದ್ಧತಿ 1946ರಿಂದ ಇದೆ. ಆ ಅಜ್ಜನಿಗೆ ಇದು ಹುಡುಗನಾಗಿದ್ದಾಗಿಂದ ಕಿವಿಯಲ್ಲಿರುವ ಹಾಡು. ಅವನ ಬೆರಳಿಗೆ ಸಂಧಿವಾತ, ವೇಗದ ಸಾಲು ನುಡಿಸೋಕೆ ಆಗುವುದಿಲ್ಲ ಅಂತಲೂ ನೀವೇ ಹೇಳಿದ್ದೀರಿ. ಇಷ್ಟೆಲ್ಲ ಇಟ್ಟುಕೊಂಡು ಅವನ ಕೈಯಲ್ಲಿ ಕಾಫಿ ಮಾಡಿಸುತ್ತಿದ್ದೀರಲ್ಲ!

ಹಳೇ ಹಾಡಿನ ಸ್ವರಗಳು ಉದ್ದುದ್ದ. ಟ್ಯೂನ್ ಅದೇ ವೇಗದಲ್ಲಿ ಓಡುತ್ತಿದ್ದರೂ ಅದನ್ನು ಮೇಲೆ ಆರಾಮವಾಗಿ ಹಾಡಬಹುದು, 32 ಬಾರ್ ಇಬ್ಬರಿಗೂ ಒಟ್ಟಿಗೇ ಮುಗಿಯುತ್ತದೆ. ಉಳಿದಿಬ್ಬರೂ ಎಲ್ಲಿದ್ದೇವೆ ಅಂತ ಕಳೆದುಹೋದಾಗ ದಾರಿ ಗೊತ್ತಿರೋದು ಈ ಮನುಷ್ಯನಿಗೆ ಮಾತ್ರ. ಅದು ಅವರಿಗೆ ಯಾವಾಗ ಗೊತ್ತಾಗುತ್ತದೆ, ಡಾಕ್ಟರಿಗೆ ಅದನ್ನು ಒಪ್ಪಿಕೊಳ್ಳೋಕೆ ಎಷ್ಟು ಭಾನುವಾರ ಬೇಕು, ಅಜ್ಜನಾದರೂ ಇಷ್ಟು ದಿನ ಯಾಕೆ ಬಾಯಿಬಿಡಲಿಲ್ಲ. ಇದನ್ನು ಬರೆಯಿರಿ. ಆದರೆ ಅಜ್ಜನನ್ನು ದೇವರು ಮಾಡಬೇಡಿ, ಅವನೂ ಹಾಡುತ್ತಾ ಹಾಡುತ್ತಾ ಸಾಹಿತ್ಯ ಮರೆಯಲಿ.

ಲೈಬ್ರರಿಯ ದೃಶ್ಯ ಬೇಡ. ಮೂವರು ಹವ್ಯಾಸಿಗಳು ಕೆಲವೇ ತಿಂಗಳಲ್ಲಿ 220ಕ್ಕೆ ತಪ್ಪಿಲ್ಲದೆ ನುಡಿಸಿದರು ಅಂದರೆ ಗಿಟಾರ್ ಹಿಡಿದವರು ನಗುತ್ತಾರೆ, ಹಿಡಿಯದವರಿಗೆ ಅದರ ಬೆಲೆ ಗೊತ್ತಾಗುವುದಿಲ್ಲ. 160ಕ್ಕೆ, ಒಂದೇ ಒಂದು ಸಲ, ಒಟ್ಟಿಗೆ ಶುರುಮಾಡಿ ಒಟ್ಟಿಗೆ ನಿಲ್ಲಿಸಿದರೆ ಸಾಕಲ್ವಾ? ಕೇಳೋಕೆ ಯಾರೂ ಇರಬೇಕಾಗಿಲ್ಲ.

ಮಾತುಕತೆಯ ಬಗ್ಗೆಯೂ ಒಂದು ಮಾತು. ಬಸ್ ಓಡಿಸಿದ ಅಮೆರಿಕದ ಅಜ್ಜ 'ಮಿತ್ರರೇ, ಧೈರ್ಯಗುಂದದಿರಿ' ಅನ್ನುತ್ತಾನೆ. ಅವನು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಾನೆ, ನೀವು ಕನ್ನಡದಲ್ಲಿ ಕೊಡುತ್ತಿದ್ದೀರಿ, ಅದು ಸರಿ. ಆದರೆ ಹಳೇ ನಾಟಕದ ಕನ್ನಡ ಯಾಕೆ? ಮೆಜೆಸ್ಟಿಕ್‌ನಲ್ಲಿ ಬಿಎಂಟಿಸಿ ಡ್ರೈವರ್ ಮಾತಾಡೋದನ್ನು ಹತ್ತು ನಿಮಿಷ ನಿಂತು ಕೇಳಿ, ಅಷ್ಟು ಬಿಗಿ ಸಾಕು.

ತಿದ್ದಿದ ಮೇಲೆ ಮತ್ತೆ ನನಗೇ ಕಳಿಸಿ, 2500 ಪದಕ್ಕಿಂತ ಜಾಸ್ತಿ ಬೇಡ, ಅವಸರವೂ ಇಲ್ಲ. ದಯವಿಟ್ಟು ಯೂನಿಕೋಡ್‌ನಲ್ಲಿ ಕಳಿಸಿ. ಈ ಸಲದ ಫೈಲ್‌ನಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಮೆಟ್ರೊನೋಮ್ ಅನ್ನೋದು ಮೂರು ಕಡೆ ಮೂರು ಥರ ಇತ್ತು.