ವರ್ಷಕ್ಕೆ ನಾಲ್ಕು ಸಾವಿರ ಕಿ.ಮೀ. ಮಾತ್ರ ಓಡುವ ಕಾರಿಗೆ ವರ್ಷ ವರ್ಷ ಸರ್ವಿಸ್ ಬೇಕಾ? ಶೋರೂಮಿಗೇ ಕೊಡಬೇಕಾ?

"ಕಾರು ಓಡುವುದೇ ಇಲ್ಲ, ಮತ್ತೆ ಎಂತಕ್ಕೆ ಸರ್ವಿಸ್?" ಈ ಮಾತನ್ನು ನಾನು ಮೂರು ವರ್ಷ ಹೇಳಿಕೊಂಡು ಬಂದವನು. ನಿಮ್ಮ ಪ್ರಶ್ನೆ ಓದಿದ ಕೂಡಲೇ ಉಪ್ಪಳದ ಹೈವೇಯಲ್ಲಿ ಮಳೆಗೆ ನಿಂತಿದ್ದ ಆ ಬೆಳಿಗ್ಗೆ ನೆನಪಾಯಿತು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನನ್ನ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. 2019ರಲ್ಲಿ ದೊಡ್ಡಮ್ಮನ ಮಗನಿಂದ ಒಂದು ಡೀಸೆಲ್ ಕಾರು ತಗೊಂಡೆ. 2013ರ ಮಾಡೆಲ್, ಓಡಿದ್ದು ಬರೀ 31 ಸಾವಿರ. ನನ್ನ ಓಡಾಟವೂ ನಿಮ್ಮ ಹಾಗೆಯೇ. ಬದಿಯಡ್ಕ ಪೇಟೆ, ಸೀತಾಂಗೋಳಿ, ಕುಂಬಳೆ. ತಿಂಗಳಿಗೊಮ್ಮೆ ಅಮ್ಮನನ್ನು ಮಂಗಳೂರಿನ ಹತ್ತಿರದ ದೇರಳಕಟ್ಟೆಯ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು. ಅಷ್ಟೇ.

ಮೊದಲ ಸರ್ವಿಸ್ ಮಂಗಳೂರಿನ ಕಂಪನಿ ಸರ್ವಿಸ್ ಸೆಂಟರಿನಲ್ಲಿ ಮಾಡಿಸಿದೆ. ಬಿಲ್ ಬಂತು 14 ಸಾವಿರ ಚಿಲ್ಲರೆ. ಮನೆಗೆ ಬಂದು ಒಂದೊಂದೇ ಸಾಲು ಓದಿದೆ. ಎಂಜಿನ್ ಫ್ಲಶ್ (ಒಳಗೆ ತೊಳೆಯುವುದು), ಆಯಿಲ್ ಅಡಿಟಿವ್ (ಆಯಿಲಿಗೆ ಬೆರೆಸುವ ದ್ರವ), ಎಸಿ ಕ್ಲೀನಿಂಗ್, ಇಂಟೀರಿಯರ್ ಕ್ಲೀನಿಂಗ್, ಏನೋ ಒಂದು ಕೋಟಿಂಗ್. ಆಯಿಲ್, ಫಿಲ್ಟರ್, ಲೇಬರ್ ಎಲ್ಲ ಸೇರಿದರೂ ಅರ್ಧಕ್ಕಿಂತ ಕಡಿಮೆ. ಉಳಿದದ್ದನ್ನು ನಾನು ಕೇಳಿಯೇ ಇರಲಿಲ್ಲ. ನನಗೆ ಬಹಳ ಸಿಟ್ಟು ಬಂತು. ಆ ಸಿಟ್ಟು ಸರಿಯಾದದ್ದೇ ಅಂತ ಈಗಲೂ ಹೇಳುತ್ತೇನೆ. ಆದರೆ ಮುಂದೆ ನನ್ನನ್ನು ಕೆಡಿಸಿದ್ದೂ ಅದೇ ಸಿಟ್ಟು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದರು, ಒಳರಸ್ತೆಗಳಿಗೆ ಮಣ್ಣು ಸುರಿದರು. ಆಸ್ಪತ್ರೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳ ಪಾಡು ಆಗ ಏನಾಗಿತ್ತು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಕಾರು ಶೆಡ್ಡಿನಲ್ಲೇ ನಿಂತಿತು. ಆ ವರ್ಷದ ಸರ್ವಿಸ್ ತಪ್ಪಿತು. ಇಲಿಗಳು ವಯರ್ ಕಡಿದು ಹಾಕಿದ್ದು ಬೇರೆ.

2021ರಲ್ಲಿ ಮತ್ತೆ ಅದೇ ಸರ್ವಿಸ್ ಸೆಂಟರಿಗೆ ಹೋದೆ. ಎಸ್ಟಿಮೇಟ್ ಕೊಟ್ಟರು, 27 ಸಾವಿರ. ಅದೇ ಫ್ಲಶ್, ಅದೇ ಅಡಿಟಿವ್, ಅದೇ ಕೋಟಿಂಗ್. ಅದರ ನಡುವೆ ಒಂದು ಸಾಲು: ಟೈಮಿಂಗ್ ಬೆಲ್ಟ್ ಕಿಟ್, 11 ಸಾವಿರ. ಎದುರು ಕೂತಿದ್ದ ಹುಡುಗ ಹೇಳಿದ, "ಸರ್, ಬಾಕಿ ಎಲ್ಲ ಬಿಡಿ ಬೇಕಾದ್ರೆ. ಬೆಲ್ಟ್ ಒಂದು ಮಾಡಿಸಿ. ಎಂಟು ವರ್ಷ ಆಯ್ತು ಗಾಡಿಗೆ." ನಾನು ಕೇಳಿದೆ, "ಎಷ್ಟು ಕಿಲೋಮೀಟರಿಗೆ ಬದಲಿಸುವುದು?" ಅವನು "80 ಸಾವಿರ, ಇಲ್ಲದಿದ್ದರೆ ಐದು ವರ್ಷ" ಅಂದ. ನನ್ನ ಕಾರು ಓಡಿದ್ದು 39 ಸಾವಿರ. ಅರ್ಧವೂ ಆಗಿಲ್ಲ ಅಲ್ವಾ? ಇವನೂ ಏನೋ ಮಾರಲು ನೋಡುತ್ತಿದ್ದಾನೆ ಅಂದುಕೊಂಡೆ. ಪೆನ್ನು ತಗೊಂಡು ಆಯಿಲ್ ಮತ್ತು ಫಿಲ್ಟರ್ ಬಿಟ್ಟು ಎಲ್ಲ ಸಾಲನ್ನೂ ಹೊಡೆದು ಹಾಕಿದೆ. ಜಾಬ್ ಕಾರ್ಡಿನಲ್ಲಿ ಅವನು "ಗ್ರಾಹಕರು ಬೇಡ ಎಂದರು" ಅಂತ ಬರೆದ. ಕೆಳಗೆ ಸಹಿ ಹಾಕಿದೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನನ್ನ ಇಡೀ ತಪ್ಪು ಇರುವುದು ಈ ಒಂದು ಗಳಿಗೆಯಲ್ಲಿ. ನಾನು ಓದಿದ್ದು "80 ಸಾವಿರ" ಅನ್ನುವುದನ್ನು ಮಾತ್ರ. "ಐದು ವರ್ಷ" ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಕಾರಿನ ಜೊತೆ ಕಂಪನಿ ಕೊಡುವ ಪುಸ್ತಕದಲ್ಲಿ ಎರಡೂ ಇರುತ್ತದೆ, ಜೊತೆಗೆ ಒಂದು ಮಾತೂ ಇರುತ್ತದೆ: ಯಾವುದು ಮೊದಲು ಬರುತ್ತದೋ ಅದು. ಜಾಸ್ತಿ ಓಡಿಸುವವರಿಗೆ ಕಿಲೋಮೀಟರ್ ಮೊದಲು ಬರುತ್ತದೆ. ನಮ್ಮಂಥವರಿಗೆ ವರ್ಷವೇ ಮೊದಲು ಬರುವುದು. ಟೈಮಿಂಗ್ ಬೆಲ್ಟ್ ಅಂದರೆ ಹಲ್ಲುಗಳಿರುವ ರಬ್ಬರಿನ ಪಟ್ಟಿ. ಎಂಜಿನ್ನಿನ ಕೆಳಗೆ ಪಿಸ್ಟನ್ನುಗಳಿಗೆ ಜೋಡಿಸಿದ ಕ್ರ್ಯಾಂಕ್ ತಿರುಗುವುದನ್ನೂ, ಮೇಲೆ ಗಾಳಿ ಒಳಗೆ ಬಿಟ್ಟು ಹೊಗೆ ಹೊರಗೆ ಬಿಡುವ ವಾಲ್ವುಗಳು ತೆರೆದು ಮುಚ್ಚುವುದನ್ನೂ ಒಂದೇ ತಾಳಕ್ಕೆ ಇಡುವುದು ಅದು. ತೋಟದ ಪೈಪನ್ನು ಬಳಸದೆ ಮೂಲೆಯಲ್ಲಿ ಸುತ್ತಿಟ್ಟರೂ ನಾಲ್ಕೈದು ವರ್ಷಕ್ಕೆ ಬಿರುಕು ಬಿಡುತ್ತದೆ, ನೋಡಿದ್ದೀರಲ್ಲ? ರಬ್ಬರ್ ಕಿಲೋಮೀಟರ್ ಲೆಕ್ಕ ಇಡುವುದಿಲ್ಲ. ಬೆಲ್ಟ್ ಹರಿಯುವ ಮೊದಲು ಹೆಚ್ಚಿನ ಸಲ ಶಬ್ದವೂ ಬರುವುದಿಲ್ಲ, ಲೈಟೂ ಉರಿಯುವುದಿಲ್ಲ. ಹರಿದರೆ ವಾಲ್ವುಗಳು ಇದ್ದಲ್ಲೇ ನಿಲ್ಲುತ್ತವೆ, ಕೆಳಗಿನಿಂದ ಪಿಸ್ಟನ್ ಬಂದು ಬಡಿಯುತ್ತದೆ. ಹೆಚ್ಚಿನ ಡೀಸೆಲ್ ಎಂಜಿನ್ನುಗಳಲ್ಲಿ ಹೀಗೇ ಆಗುವುದು.

2022ರ ಜುಲೈ. ಅಮ್ಮನಿಗೆ ಹೃದಯದ ಚೆಕಪ್ ಇತ್ತು. ಬೆಳಿಗ್ಗೆ ಬೇಗ ಹೊರಟಿದ್ದೆವು. ಜೋರು ಮಳೆ, ಹೈವೇಯಲ್ಲಿ ಆರು ಪಥದ ಕೆಲಸ, ಎಲ್ಲ ಕಡೆ ಕೆಸರು. ಉಪ್ಪಳ ದಾಟುವಾಗ ಎಂಜಿನ್ ಒಂದು ಸಲ ಟಕ್ ಅಂದು ನಿಂತೇ ಹೋಯಿತು. ಸ್ಟಿಯರಿಂಗ್ ಬಿಗಿಯಾಯಿತು. ಬ್ರೇಕ್ ಎರಡು ಸಲ ಒತ್ತಿದ ಮೇಲೆ ಕಲ್ಲಿನ ಹಾಗೆ ಗಟ್ಟಿ. ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ಸಹಾಯವೂ ನಿಲ್ಲುತ್ತದೆ ಅಂತ ಅವತ್ತು ಗೊತ್ತಾಯಿತು. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಎರಡೂ ಕಾಲಿನ ಬಲ ಹಾಕಿ ಒತ್ತಿ ಹೇಗೋ ಬದಿಗೆ ತಂದೆ. ಅಮ್ಮ ಏನೂ ಮಾತಾಡಲಿಲ್ಲ, ಬಾಗಿಲಿನ ಹಿಡಿ ಬಿಡಲೂ ಇಲ್ಲ. ಒಬ್ಬ ಆಟೋದವರು ನಿಲ್ಲಿಸಿ, "ಅಮ್ಮನನ್ನು ನಾನು ಬಿಡ್ತೇನೆ, ನೀವು ಗಾಡಿ ನೋಡಿ" ಅಂದರು. ಅವರ ಹೆಸರು ಕೇಳಲೂ ನನಗೆ ತೋಚಲಿಲ್ಲ. ನಾನೂ ಅಮ್ಮನ ಜೊತೆಗೇ ಆಟೋ ಹತ್ತಿದೆ.

ಹರಿದದ್ದು ಅದೇ ಬೆಲ್ಟ್. ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ ಬಿಚ್ಚಿದಾಗ ಎಂಟೂ ವಾಲ್ವು ಬಗ್ಗಿದ್ದವು. 62 ಸಾವಿರ ರೂಪಾಯಿ, ಮೂರು ವಾರ. 11 ಸಾವಿರದ ಸಾಲನ್ನು ಹೊಡೆದು ಹಾಕಿದ್ದಕ್ಕೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. "ಕಡಿಮೆ ಓಡುವ ಕಾರಿಗೆ ಕಡಿಮೆ ಸರ್ವಿಸ್" ಅನ್ನುವುದು ತಪ್ಪು ಲೆಕ್ಕ. ದಿನಾ ಐದಾರು ಕಿಲೋಮೀಟರ್ ಹೋಗಿ ನಿಲ್ಲಿಸುವ ಕಾರಿನ ಆಯಿಲ್ ಪೂರ್ತಿ ಬಿಸಿಯೇ ಆಗುವುದಿಲ್ಲ. ಒಳಗೆ ಸೇರಿದ ನೀರಿನ ಪಸೆ, ಉರಿಯದ ಇಂಧನ ಎಲ್ಲ ಅಲ್ಲೇ ಉಳಿಯುತ್ತದೆ. ಹೆಚ್ಚಿನ ಕಂಪನಿಗಳು ಇಂಥ ಓಡಾಟವನ್ನು ಕಠಿಣ ಬಳಕೆ ಅಂತಲೇ ಪುಸ್ತಕದಲ್ಲಿ ಬರೆದಿರುತ್ತವೆ, ಧೂಳು ರಸ್ತೆಯ ಜೊತೆಗೆ. ಪುಸ್ತಕದಲ್ಲಿ 10 ಸಾವಿರ ಅಥವಾ ಒಂದು ವರ್ಷ ಅಂತ ಇದ್ದರೆ ನಿಮಗೆ ಒಂದು ವರ್ಷವೇ. ಮೂರು ಸಾವಿರ ಓಡಿದ್ದರೂ ಆಯಿಲ್ ಬದಲಿಸಿ.

ಬ್ರೇಕ್ ಆಯಿಲನ್ನೂ ಯಾರೂ ಕೇಳುವುದಿಲ್ಲ. ಅದು ಗಾಳಿಯ ಪಸೆ ಎಳೆದುಕೊಳ್ಳುತ್ತದೆ. ಬ್ರೇಕ್ ಆಯಿಲ್ ಕುದಿದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಡಬ್ಬಿಯ ಮೇಲೆ ಬರೆದಿರುವ ಡಾಟ್ 4 ಅನ್ನುವ ದರ್ಜೆ ಅಂದರೆ ಹೊಸದರಲ್ಲಿ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಅಂತ ಲೆಕ್ಕ. ಪಸೆ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತೇ ಇದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಚಾರ್ಮಾಡಿಯೋ ಸಂಪಾಜೆಯೋ ಘಾಟಿ ಇಳಿಯುವವರಂತೂ ಮರೆಯಲೇಬೇಡಿ.

ಇನ್ನು ಶೋರೂಮೋ, ಊರಿನ ವರ್ಕ್‌ಶಾಪೋ? ಇದು ನನ್ನ ಮಟ್ಟಿಗೆ ಎರಡನೇ ಪ್ರಶ್ನೆ. ವಾರಂಟಿ ಇರುವವರೆಗೆ ಶೋರೂಮಿಗೇ ಹೋಗಿ. ಹಾಗೆ ನೋಡಿದರೆ, 2014ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಪೈಪೋಟಿ ನೋಡಿಕೊಳ್ಳುವ ಭಾರತದ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ದಂಡ ಹಾಕಿತ್ತು. ಬಿಡಿಭಾಗಗಳನ್ನು ಹೊರಗೆ ಸಿಗದ ಹಾಗೆ ಮಾಡಿದ್ದಕ್ಕೆ. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಅನ್ನುವ ಷರತ್ತು ಹಾಕಬಾರದು ಅಂತಲೂ ಹೇಳಿತ್ತು. ಕಂಪನಿಗಳು ಅದರ ಮೇಲೆ ಅಪೀಲು ಹೋದವು. ಕೌಂಟರಿನಲ್ಲಿ ನಿಂತು ಆ ಆದೇಶದ ಮೇಲೆ ವಾದ ಮಾಡಿ ಗೆಲ್ಲುವ ಶಕ್ತಿ ನಮಗೆ ಎಲ್ಲಿದೆ? ವಾರಂಟಿ ಮುಗಿದ ಮೇಲೆ ಊರಿನವರೇ ಸಾಕು, ಆದರೆ ಬಿಲ್ ಕೊಡಬೇಕು, ಬಿಚ್ಚಿದ ಹಳೆ ಪಾರ್ಟ್ ಕೈಗೆ ಕೊಡಬೇಕು. ನನ್ನ ಕಾರು ಈಗ ಬದಿಯಡ್ಕದಲ್ಲೇ ಸರ್ವಿಸ್ ಆಗುತ್ತದೆ.

ಎಲ್ಲಿ ಕೊಟ್ಟರೂ ನಾನೀಗ ಪುಸ್ತಕದ ಸರ್ವಿಸ್ ಪಟ್ಟಿಯ ಜೆರಾಕ್ಸ್ ಜೊತೆಗೆ ಇಟ್ಟುಕೊಳ್ಳುತ್ತೇನೆ. ಎಸ್ಟಿಮೇಟ್ ಬಂದ ಮೇಲೆ ಪ್ರತಿ ಸಾಲಿಗೂ ಒಂದೇ ಪ್ರಶ್ನೆ: "ಇದು ಈ ಪಟ್ಟಿಯಲ್ಲಿ ಎಲ್ಲಿ ಉಂಟು, ತೋರಿಸಿ." ತೋರಿಸಿದರೆ, ಎಷ್ಟೇ ದುಬಾರಿಯಾದರೂ ಮಾಡಿಸುವುದು. ಪಟ್ಟಿಯಲ್ಲಿ ಇಲ್ಲದ್ದು, ಕಾರಿನಲ್ಲಿ ತೊಂದರೆಯೂ ಕಾಣದ್ದು ಆದರೆ ಹೊಡೆದು ಹಾಕುವುದು. ಫ್ಲಶ್, ಅಡಿಟಿವ್, ಕೋಟಿಂಗ್ ಎಲ್ಲ ಅಲ್ಲಿಗೇ ಹೋಗುತ್ತದೆ. 2021ರಲ್ಲಿ ನಾನು ಆ ಹುಡುಗನಿಗೆ ಇಷ್ಟು ಕೇಳಿದ್ದರೆ ಅವನು ಬೆಲ್ಟಿನ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ.

ನಿಮ್ಮದು 2018ರ ಪೆಟ್ರೋಲ್ ಕಾರು ಅಂತ ಬರೆದಿದ್ದೀರಿ, ಮಾಡೆಲ್ ಹೇಳಲಿಲ್ಲ. ತುಂಬಾ ಪೆಟ್ರೋಲ್ ಕಾರುಗಳಲ್ಲಿ ಬೆಲ್ಟ್ ಬದಲು ಚೈನ್ ಇರುತ್ತದೆ. ಚೈನನ್ನು ಹೀಗೆ ವರ್ಷ ಲೆಕ್ಕ ಹಾಕಿ ಬದಲಿಸಬೇಕಾಗಿಲ್ಲ, ಆದರೆ ಅದಕ್ಕೂ ಒಳ್ಳೆಯ ಆಯಿಲ್ ಬೇಕು. ಗ್ಲೋವ್ ಬಾಕ್ಸಿನಲ್ಲಿ ಪುಸ್ತಕ ಇದೆಯಾ ನೋಡಿ. ಇಲ್ಲದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿ. ನಿಮ್ಮದು ಬೆಲ್ಟೋ ಚೈನೋ, ಹಳೆ ಬಿಲ್ಲುಗಳಲ್ಲಿ ಬ್ರೇಕ್ ಆಯಿಲ್ ಬದಲಿಸಿದ ತಾರೀಖು ಎಲ್ಲಾದರೂ ಇದೆಯಾ, ಈ ಎರಡನ್ನು ನೋಡಿ ಇಲ್ಲಿ ಬರೆಯಿರಿ. ಬೆಲ್ಟ್ ಅಂತ ಗೊತ್ತಾದರೆ ನನ್ನ ಉತ್ತರಕ್ಕೆ ಕಾಯಬೇಡಿ, ಈ ವಾರವೇ ಕಾರು ತಗೊಂಡು ಹೋಗಿ.