ಇದ್ದಿಲಿನಲ್ಲಿ ಕುದುರೆ ಮತ್ತು ಪ್ರಾರ್ಥನೆ: ರ‍್ಯಾಂಚ್ ಚಿತ್ರದ ಪ್ರಶ್ನೆಗೆ ಉತ್ತರ

ನಮಸ್ಕಾರ. ಪಶ್ಚಿಮ ಟೆಕ್ಸಾಸ್‌ನ ರ‍್ಯಾಂಚ್ ಒಂದರಲ್ಲಿ ನಿಮ್ಮ ಸ್ನೇಹಿತರು ತೆಗೆದು ಕಳುಹಿಸಿದ ಫೋಟೋವನ್ನು ಆಧರಿಸಿ, ಕುದುರೆಯ ಪಕ್ಕದಲ್ಲಿ ಮಂಡಿಯೂರಿ ಪ್ರಾರ್ಥಿಸುತ್ತಿರುವ ಕೌಬಾಯ್‌ನ ಚಿತ್ರವನ್ನು ಇದ್ದಿಲಿನಲ್ಲಿ ಬರೆಯುತ್ತಿರುವುದಾಗಿಯೂ, ಎಷ್ಟು ತಿದ್ದಿದರೂ ಕುದುರೆಯ ಮೈ ಒಂದೇ ಸಮನೆ ಕಪ್ಪಾಗಿ ಚಪ್ಪಟೆಯಾಗಿ ಕಾಣುತ್ತಿರುವುದಾಗಿಯೂ ತಿಳಿಸಿದ್ದೀರಿ. ಆಕಾಶದಲ್ಲಿ ಹೊಳೆಯುವ ಶಿಲುಬೆಯೊಂದನ್ನು ಸೇರಿಸಿ, ಕೆಳಗೆ ಕುದುರೆಯ ಬಗ್ಗೆ ಸತ್ಯವೇದದ ವಾಕ್ಯವೊಂದನ್ನು ಕನ್ನಡದಲ್ಲಿ ಬರೆದು, ಆ ಸ್ನೇಹಿತರ ಚರ್ಚಿನ ಸಭೆಗೆ ಉಡುಗೊರೆಯಾಗಿ ಕಳುಹಿಸಿದರೆ ಹೇಗೆ ಎಂದೂ ಕೇಳಿದ್ದೀರಿ. ಮೊದಲನೆಯದು ಕೈಕೆಲಸದ ಪ್ರಶ್ನೆ, ಎರಡನೆಯದು ಭಕ್ತಿಯ ಪ್ರಶ್ನೆ ಎಂದು ತೋರುತ್ತದೆ. ನನ್ನ ಅಭಿಪ್ರಾಯದಲ್ಲಿ ಎರಡಕ್ಕೂ ಪರಿಹಾರ ಒಂದೇ ಕಡೆ ಇದೆ: ಬೆಳಕು ಎಲ್ಲಿಂದ ಬರುತ್ತಿದೆ, ಎಲ್ಲಿ ಬಿದ್ದಿದೆ ಎಂಬುದನ್ನು ಮೊದಲು ತೀರ್ಮಾನಿಸಬೇಕು.

ಮೈ ಚಪ್ಪಟೆಯಾಗುವುದಕ್ಕೆ ಸಾಮಾನ್ಯವಾಗಿ ಕಾರಣ ಕಾಗದದ ತರಿ, ಅಂದರೆ ಅದರ ಮೇಲ್ಮೈಯ ಒರಟು, ತುಂಬಿಹೋಗಿರುವುದು. ಒರಳುಕಲ್ಲಿನ ಉಳಿಗುರುತು ಸವೆದ ಮೇಲೆ ಅದು ರುಬ್ಬದಿರುವಂತೆ, ತರಿ ಮುಚ್ಚಿಹೋದ ಕಾಗದ ಇನ್ನಷ್ಟು ಇದ್ದಿಲನ್ನು ಹಿಡಿಯುವುದಿಲ್ಲ, ಹಿಡಿದದ್ದನ್ನು ಬಿಟ್ಟುಕೊಡುವುದೂ ಇಲ್ಲ. ನೀವು ಮೊದಲಿನಿಂದಲೇ ಚಾರ್ಕೋಲ್ ಪೆನ್ಸಿಲನ್ನು ಒತ್ತಿ ಬರೆದು ಬೆರಳಿನಿಂದ ಉಜ್ಜಿರುವಂತೆ ಚಿತ್ರದಲ್ಲಿ ಕಾಣುತ್ತದೆ. ಪೆನ್ಸಿಲ್ ಮತ್ತು ಕಂಪ್ರೆಸ್ಡ್ ಚಾರ್ಕೋಲ್‌ಗಳಲ್ಲಿ ಪುಡಿಯನ್ನು ಹಿಡಿದಿಡುವ ಅಂಟು ಸೇರಿರುತ್ತದೆ. ಆದ್ದರಿಂದ ಅವು ಗಾಢವಾದ ಕಪ್ಪನ್ನು ಕೊಡುತ್ತವೆ, ಆದರೆ ಪೂರ್ತಿಯಾಗಿ ಅಳಿಸಿಹೋಗುವುದಿಲ್ಲ. ವಿಲೋ ಅಥವಾ ವೈನ್ ಚಾರ್ಕೋಲ್ ಎಂದು ಮಾರಾಟವಾಗುವುದು ಬರಿಯ ಸುಟ್ಟ ಕಡ್ಡಿ. ಅದರ ಕಪ್ಪು ಸ್ವಲ್ಪ ಬೂದು, ಆದರೆ ಬಟ್ಟೆಯಿಂದ ಒರೆಸಿದರೆ ಹೊರಟುಹೋಗುತ್ತದೆ. ಹಾಗಾಗಿ ಇಡೀ ಚಿತ್ರದ ಮೊದಲ ಹಂತವನ್ನು ವಿಲೋ ಕಡ್ಡಿಯಿಂದಲೇ ಮಾಡಿ, ಮೈಯ ಉಬ್ಬುತಗ್ಗುಗಳೆಲ್ಲ ಸರಿಯಾಗಿ ಕೂತ ಮೇಲೆ ಮಾತ್ರ, ಕೊನೆಯ ಕೆಲವು ಕಡುಗಪ್ಪು ಜಾಗಗಳಿಗಾಗಿ ಪೆನ್ಸಿಲನ್ನು ಕೈಗೆತ್ತಿಕೊಳ್ಳಿ. ಬೆರಳಿನ ಎಣ್ಣೆ ಕಾಗದಕ್ಕೆ ಹತ್ತಿದರೆ ಅಲ್ಲಿ ಕಲೆ ಉಳಿಯುವುದರಿಂದ, ಹದಗೊಳಿಸಲು ಟಿಶ್ಯೂ, ಮೆತ್ತನೆಯ ಚರ್ಮದ ತುಂಡು ಅಥವಾ ಕಾಗದವನ್ನು ಬಿಗಿಯಾಗಿ ಸುತ್ತಿ ಮಾಡಿದ ಸ್ಟಂಪ್ ಬಳಸಿ. ಕೆಳಗಿನ ಸ್ಕೆಚ್‌ಗೆ ಸಾಮಾನ್ಯ ಸೀಸದ ಪೆನ್ಸಿಲ್ ಬೇಡ. ಗ್ರಾಫೈಟ್‌ನ ನುಣುಪಿನ ಮೇಲೆ ಇದ್ದಿಲು ನಿಲ್ಲುವುದಿಲ್ಲ, ಆ ಗೆರೆಗಳು ಆಮೇಲೆ ಓರೆ ಬೆಳಕಿನಲ್ಲಿ ಮಿನುಗುತ್ತವೆ. ಈಗಿನ ಹಾಳೆಯನ್ನು ಉಳಿಸಿಕೊಳ್ಳಲು ಹೆಣಗಬೇಡಿ. ಅದನ್ನು ಅಭ್ಯಾಸದ ಹಾಳೆಯೆಂದು ಪಕ್ಕಕ್ಕಿಟ್ಟು ಹೊಸದನ್ನು ಆರಂಭಿಸುವುದು ಲೇಸು.

ಹೊಸ ಹಾಳೆ ತಿಳಿ ಬೂದು ಅಥವಾ ತಿಳಿ ಕಂದು ಬಣ್ಣದ್ದಾಗಿದ್ದರೆ ನಿಮ್ಮ ಅರ್ಧ ಕೆಲಸ ಹಗುರಾಗುತ್ತದೆ, ಏಕೆಂದರೆ ನಿಮ್ಮ ಫೋಟೋದಲ್ಲಿರುವುದು ಕಂದು ಮೈಯ, ಕಪ್ಪು ಜೂಲು ಮತ್ತು ಕಪ್ಪು ಕಾಲುಗಳ ಕುದುರೆ. ಅದರ ಮೈಗೆ ಕಾಗದದ ಬಣ್ಣವೇ ಮಧ್ಯಮ ಛಾಯೆಯಾಗಿ ಒದಗುತ್ತದೆ. ನೀವು ಅಲ್ಲಿಂದ ಒಂದು ಕಡೆಗೆ ಇದ್ದಿಲಿನಿಂದ ಇಳಿಯುತ್ತೀರಿ, ಇನ್ನೊಂದು ಕಡೆಗೆ ಬಿಳಿ ಚಾರ್ಕೋಲ್ ಪೆನ್ಸಿಲಿನಿಂದ ಏರುತ್ತೀರಿ. ಕಪ್ಪನ್ನೂ ಬಿಳಿಯನ್ನೂ ಎಲ್ಲಿಯೂ ಬೆರೆಸಬಾರದು. ಬೆರೆತರೆ ಸುಣ್ಣದಂಥ, ನೀಲಿಗೆ ತಿರುಗಿದ ಬೂದು ಉಂಟಾಗಿ ಮೈಯ ಹೊಳಪೇ ಹೋಗಿಬಿಡುತ್ತದೆ. ಇವೆರಡರ ನಡುವೆ ಯಾವಾಗಲೂ ಬರಿಯ ಕಾಗದದ ಒಂದು ಪಟ್ಟಿ ಉಳಿದಿರಲಿ. ಬರೆಯುವ ಮುನ್ನ ಫೋಟೋವನ್ನು ಮೊಬೈಲಿನಲ್ಲಿ ಕಪ್ಪುಬಿಳುಪಿಗೆ ಬದಲಿಸಿ, ಕಣ್ಣನ್ನು ಅರೆಮುಚ್ಚಿ ನೋಡಿ. ಬೆನ್ನಿನ ಮೇಲ್ಭಾಗ, ಹಿಂತೊಡೆಯ ಮೇಲಿನ ಗುಂಡನೆಯ ಜಾಗ ಮತ್ತು ಭುಜದ ಮೇಲೆ ಆಕಾಶದ ಬೆಳಕು ಬಿದ್ದಿರುತ್ತದೆ. ಹೊಟ್ಟೆಯ ಕೆಳಭಾಗ ಬಿಸಿಲಿನಿಂದ ಮರೆಯಾಗಿದ್ದರೂ ಒಣನೆಲದಿಂದ ಪುಟಿದ ಬೆಳಕು ಅಲ್ಲಿಗೆ ತಲುಪಿರುತ್ತದೆ. ಪಶ್ಚಿಮ ಟೆಕ್ಸಾಸ್‌ನ ಒಣಹುಲ್ಲು, ತಿಳಿಮಣ್ಣಿನ ನೆಲದಲ್ಲಿ ಈ ಪುಟಿದ ಬೆಳಕು ಬಹಳ ಸ್ಪಷ್ಟವಾಗಿರುವುದರಿಂದ ಹೊಟ್ಟೆಯನ್ನು ಪೂರ್ತಿ ಕಪ್ಪು ಮಾಡಿದರೆ ಅದು ಆ ಊರಿನ ಕುದುರೆಯಂತೆಯೇ ಕಾಣದು. ಕಡುಗಪ್ಪು ಬೇಕಾದದ್ದು ಮೂಗಿನ ಹೊಳ್ಳೆಯ ಒಳಗೆ, ಕಣ್ಣಿನಲ್ಲಿ, ಹೊಟ್ಟೆಪಟ್ಟಿಯ ಅಂಚಿನಲ್ಲಿ, ಮುಂಗಾಲುಗಳ ಸಂದಿಯಲ್ಲಿ, ಜೀನಿನ ಅಡಿಯಲ್ಲಿ ಮಾತ್ರ.

ಆಕಾರದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕುಣಿಗಲ್ ಫಾರಂನದ್ದೋ ಬೆಂಗಳೂರಿನ ರೇಸ್‌ಕೋರ್ಸಿನದ್ದೋ ಕುದುರೆಗಳನ್ನು ನೋಡಿ ಅಭ್ಯಾಸ ಮಾಡಿರುವುದಾಗಿ ಬರೆದಿದ್ದೀರಿ. ಅದು ಒಳ್ಳೆಯದೇ, ಆದರೆ ಅವು ಓಟಕ್ಕೆಂದು ಬೆಳೆಸಿದ ಥರೋಬ್ರೆಡ್‌ಗಳು: ಉದ್ದ ಕಾಲು, ತೆಳು ಮೈ. ರ‍್ಯಾಂಚ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಕ್ವಾರ್ಟರ್ ಹಾರ್ಸ್, ಅಂದರೆ ಗಿಡ್ಡ ತಲೆ, ದಪ್ಪ ದವಡೆ, ಅಗಲವಾದ ಎದೆ, ತುಂಬಿದ ಹಿಂತೊಡೆಗಳ ತಳಿ. ದನವನ್ನು ಬೇರ್ಪಡಿಸುವಾಗ ಥಟ್ಟನೆ ತಿರುಗಬೇಕಾದ ಕೆಲಸಕ್ಕೆ ತಕ್ಕ ಮೈಕಟ್ಟು ಅದು. ಈ ತಳಿಯ ದಾಖಲೆ ಇಡುವ ಅಮೆರಿಕನ್ ಸಂಘ 1940ರಲ್ಲಿ ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲೇ ಹುಟ್ಟಿತು. ಅಳತೆಗೆ ಕುದುರೆಯ ತಲೆಯ ಉದ್ದವನ್ನೇ ಮಾನವಾಗಿ ಇಟ್ಟುಕೊಳ್ಳಿ: ನೆಲದಿಂದ ಬೆನ್ನಿನ ಮುಂದಿನ ದಿಣ್ಣೆಯವರೆಗೆ ಸುಮಾರು 2.5 ತಲೆ, ಎದೆಯ ತುದಿಯಿಂದ ಪೃಷ್ಠದವರೆಗೂ ಸುಮಾರು ಅಷ್ಟೇ. ಮುಂಗಾಲಿನಲ್ಲಿ ಮಂಡಿಯಂತೆ ಕಾಣುವ ಕೀಲು ನಮ್ಮ ಮಣಿಕಟ್ಟಿಗೆ ಸಮ, ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿದ ಕೀಲು ನಮ್ಮ ಹಿಮ್ಮಡಿಗೆ ಸಮ ಎಂಬುದನ್ನು ನೆನಪಿಟ್ಟರೆ ಕಾಲುಗಳು ತಪ್ಪು ದಿಕ್ಕಿಗೆ ಬಾಗುವುದಿಲ್ಲ. ಇಂಗ್ಲೆಂಡಿನ ಜಾರ್ಜ್ ಸ್ಟಬ್ಸ್ ಸತ್ತ ಕುದುರೆಗಳನ್ನು ತಾವೇ ಕೊಯ್ದು ನೋಡಿ 1766ರಲ್ಲಿ ಪ್ರಕಟಿಸಿದ ಅಂಗರಚನೆಯ ಚಿತ್ರಗಳಿಗಿಂತ ಉತ್ತಮ ಪಾಠ ಈ ವಿಷಯದಲ್ಲಿ ನನಗೆ ಇದುವರೆಗೆ ಸಿಕ್ಕಿಲ್ಲ.

ನಿಂತಿರುವ ಕುದುರೆ ನಿಶ್ಚಿಂತೆಯಿಂದಿದೆ ಎಂದು ತೋರಿಸಬೇಕಾದರೆ ಒಂದು ಹಿಂಗಾಲನ್ನು ಸಡಿಲಬಿಟ್ಟು ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ಊರಿಸಿ. ಆಗ ಆ ಬದಿಯ ಸೊಂಟ ತುಸು ಕೆಳಗಿಳಿಯಬೇಕು. ಒಂದು ಕಿವಿ ಮನುಷ್ಯನ ಕಡೆಗೆ ತಿರುಗಿರಲಿ. ಲಗಾಮನ್ನು ನೀವು ಬೇಲಿಕಂಬಕ್ಕೆ ಕಟ್ಟಿದಂತೆ ಬರೆದಿದ್ದೀರಿ, ಆದರೆ ಫೋಟೋದಲ್ಲಿ ಅದು ನೆಲದ ಮೇಲೆ ಇಳಿಬಿದ್ದಿದೆ, ಹಾಗೆಯೇ ಇರಲಿ. ಲಗಾಮು ನೆಲಕ್ಕೆ ಬಿದ್ದರೆ ಕಟ್ಟದಿದ್ದರೂ ನಿಂತಲ್ಲೇ ನಿಲ್ಲುವಂತೆ ರ‍್ಯಾಂಚ್ ಕುದುರೆಗಳನ್ನು ಪಳಗಿಸುವ ರೂಢಿಯಿದೆ, ಮತ್ತು ಈ ಚಿತ್ರದಲ್ಲಿ ಆ ಇಳಿಬಿದ್ದ ಲಗಾಮು ಹೇಳುವಷ್ಟನ್ನು ಬೇರೆ ಯಾವ ಸಂಕೇತವೂ ಹೇಳಲಾರದು. ವಿನ್ಯಾಸಕ್ಕಾಗಿ ಫೋಟೋವನ್ನು ಎಡಬಲ ತಿರುಗಿಸುವ ಯೋಚನೆ ಇದ್ದರೆ ಕೈಬಿಡಿ. ಬಲಗೈ ಬಳಸುವವರ ಹಗ್ಗದ ಸುರುಳಿ ಜೀನಿನ ಬಲಬದಿಗೆ ತೂಗುತ್ತದೆ, ಹೊಟ್ಟೆಪಟ್ಟಿಯನ್ನು ಬಿಗಿಯುವುದು ಎಡಬದಿಯಲ್ಲಿ. ತಿರುಗಿಸಿದ ಚಿತ್ರವನ್ನು ಆ ಊರಿನ ಮಕ್ಕಳೂ ಗುರುತಿಸಿ ನಗುತ್ತಾರೆ. ಕುದುರೆಯ ಮೈಮೇಲೆ ಮಾಲೀಕರ ಗುರುತಿನ ಮುದ್ರೆ ಇದ್ದರೆ ಇರುವಂತೆಯೇ ಬರೆಯಿರಿ, ಇಲ್ಲದಿದ್ದರೆ ಸುಮ್ಮನೆ ಒಂದನ್ನು ಕಲ್ಪಿಸಬೇಡಿ, ಏಕೆಂದರೆ ಟೆಕ್ಸಾಸ್‌ನಲ್ಲಿ ಮುದ್ರೆಗಳು ಕೌಂಟಿ ಕಚೇರಿಯಲ್ಲಿ ಮಾಲೀಕರ ಹೆಸರಿಗೆ ನೋಂದಣಿಯಾಗಿರುತ್ತವೆ. ಚಾರ್ಲ್ಸ್ ರಸೆಲ್ (1864–1926) ಅವರ ಚಿತ್ರಗಳನ್ನು ರ‍್ಯಾಂಚ್ ಜನ ಇಂದಿಗೂ ನಂಬುವುದು, ಅವರು ಮೊಂಟಾನಾದಲ್ಲಿ ಸ್ವತಃ ದನಗಳ ಹಿಂದೆ ದುಡಿದು ಇಂಥ ವಿವರಗಳನ್ನು ಕಂಡು ಬರೆದವರು ಎಂಬ ಕಾರಣಕ್ಕೆ.

ಇನ್ನು ಮನುಷ್ಯನ ಆಕೃತಿ. ಪ್ರಾರ್ಥಿಸುವ ಗಂಡಸು ತಲೆಯ ಮೇಲಿನದನ್ನು ತೆಗೆಯಬೇಕೆಂಬುದು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೆಯ ಅಧ್ಯಾಯದಿಂದ ಬಂದ ನಡವಳಿಕೆ. ಕೌಬಾಯ್ ಸ್ಪರ್ಧೆಗಳು ನಡೆಯುವ ರೋಡಿಯೋ ಮೈದಾನದಲ್ಲಿಯೂ ಪ್ರಾರ್ಥನೆಯ ಹೊತ್ತಿಗೆ ಹ್ಯಾಟುಗಳು ಎದೆಗೆ ಬರುತ್ತವೆ. ನಿಮ್ಮ ಕರಡಿನಲ್ಲಿ ಹ್ಯಾಟು ತಲೆಯ ಮೇಲೆಯೇ ಉಳಿದಿದೆ, ಬಹುಶಃ ಹ್ಯಾಟಿಲ್ಲದಿದ್ದರೆ ಕೌಬಾಯ್ ಎಂದು ತಿಳಿಯದೆಂಬ ಅಂಜಿಕೆಯಿಂದ. ಹ್ಯಾಟನ್ನು ಮಂಡಿಯ ಮೇಲೋ ಎದೆಯ ಬಳಿಯೋ ಹಿಡಿಸಿ, ಹಣೆಯನ್ನು ಮುಖಕ್ಕಿಂತ ಸ್ಪಷ್ಟವಾಗಿ ತಿಳಿಯಾಗಿ ಬಿಡಿ. ವರ್ಷವಿಡೀ ಬಿಸಿಲಿನಲ್ಲಿ ಹ್ಯಾಟು ಹಾಕಿ ದುಡಿಯುವ ಆ ಜನರ ಕೆನ್ನೆ, ಕುತ್ತಿಗೆ ಸುಟ್ಟು ಕಪ್ಪಾಗಿದ್ದರೂ ಹ್ಯಾಟಿನ ಅಂಚಿನ ಮೇಲಿನ ಹಣೆ ಬೆಳ್ಳಗೆ ಉಳಿದಿರುತ್ತದೆ. ಚಿತ್ರದಲ್ಲಿ ಅತ್ಯಂತ ಬೆಳಕಿನ ಜಾಗ ಆ ಬಾಗಿದ ಹಣೆಯೇ ಆದರೆ, ನೋಡುವವರ ಕಣ್ಣು ಬೇರೆಲ್ಲಿಗೂ ಹೋಗುವುದಿಲ್ಲ.

ಆದ್ದರಿಂದಲೇ ಆಕಾಶದ ಶಿಲುಬೆ ಬೇಡವೆನ್ನುತ್ತೇನೆ. ಅದು ಹಣೆಯ ಬೆಳಕಿನೊಡನೆ ಪೈಪೋಟಿಗೆ ನಿಲ್ಲುತ್ತದೆ, ಮತ್ತು ಈ ಬಗೆಯ ಸಾವಿರಾರು ಮುದ್ರಿತ ಚಿತ್ರಗಳಲ್ಲಿ ಅದನ್ನು ಎಲ್ಲರೂ ನೋಡಿಬಿಟ್ಟಿದ್ದಾರೆ. ಇಟಲಿಯ ಚಿತ್ರಕಾರ ಕರವಾಜ್ಜೊ 1600–1601ರಲ್ಲಿ ರೋಮಿನ ಸಾಂತಾ ಮರಿಯಾ ದೆಲ್ ಪೊಪೊಲೊ ಚರ್ಚಿಗಾಗಿ ಬರೆದ, ಮುಂದೆ ಅಪೊಸ್ತಲ ಪೌಲನಾದ ಸೌಲನ ಪರಿವರ್ತನೆಯ ಚಿತ್ರವನ್ನು ಒಮ್ಮೆ ಗಮನವಿಟ್ಟು ನೋಡಿ. ದಮಸ್ಕದ ದಾರಿಯಲ್ಲಿ ಸೌಲನು ನೆಲಕ್ಕೆ ಬಿದ್ದ ಪ್ರಸಂಗವನ್ನು ಹೇಳುವ ಅಪೊಸ್ತಲರ ಕೃತ್ಯಗಳ 9ನೆಯ ಅಧ್ಯಾಯದಲ್ಲಿ ಕುದುರೆಯ ಮಾತೇ ಇಲ್ಲ. ಆದರೆ ಆ ಚಿತ್ರದ ಹೆಚ್ಚಿನ ಭಾಗವನ್ನು ತುಂಬಿರುವುದೇ ಒಂದು ದೊಡ್ಡ ಕುದುರೆ. ಅಲ್ಲಿ ಆಕಾಶವಿಲ್ಲ, ದೇವದೂತರಿಲ್ಲ, ಕ್ರಿಸ್ತನ ರೂಪವೂ ಇಲ್ಲ. ಕತ್ತಲೆಯೊಳಗಿಂದ ಕುದುರೆಯ ಪಕ್ಕೆಯ ಮೇಲೂ ಸೌಲನ ಚಾಚಿದ ತೋಳುಗಳ ಮೇಲೂ ಬಿದ್ದ ಬೆಳಕೇ ದೇವರ ಇರುವಿಕೆಯನ್ನು ಹೊತ್ತಿದೆ. ಇದ್ದಿಲಿನಲ್ಲಿ ಇದನ್ನು ಸಾಧಿಸುವುದು ಬಣ್ಣಕ್ಕಿಂತ ಸುಲಭ: ಹಿನ್ನೆಲೆಗೆ ವಿಲೋ ಕಡ್ಡಿಯನ್ನು ಅಡ್ಡಲಾಗಿ ಹಿಡಿದು ತೆಳುವಾಗಿ ಬಳಿದು, ಚರ್ಮದ ತುಂಡಿನಿಂದ ಒರೆಸಿ ಸಮಮಾಡಿಕೊಂಡು, ಹಿಟ್ಟಿನಂತೆ ನಾದಬಹುದಾದ ಮೆತ್ತನೆಯ ನೀಡೆಡ್ ರಬ್ಬರನ್ನು ಚಪ್ಪಟೆ ಅಲಗಿನಂತೆ ಒತ್ತಿ, ಮೇಲಿನಿಂದ ಓರೆಯಾಗಿ ಒಂದೇ ದಿಕ್ಕಿಗೆ ಎಳೆದು ಬೆಳಕನ್ನು ಎತ್ತಿಕೊಳ್ಳಿ. ಗೊರಸುಗಳ ಸುತ್ತಲಿನ ಧೂಳನ್ನೂ ಹೀಗೆಯೇ, ಆದರೆ ರಬ್ಬರನ್ನು ಎಳೆಯದೆ ಬರೀ ಒತ್ತಿ ತೆಗೆಯುವುದರಿಂದ ಮೂಡಿಸಬಹುದು. ಬೆಳಕಿನ ಪಟ್ಟಿ ಕುದುರೆಯ ಬೆನ್ನನ್ನು ಮೊದಲು ಮುಟ್ಟಿ, ನಂತರ ಮನುಷ್ಯನ ಹಣೆಗೆ ಇಳಿಯುವಂತಿದ್ದರೆ ಮೈಯ ಚಪ್ಪಟೆತನವೂ ತಾನಾಗಿ ಮಾಯವಾಗುತ್ತದೆ.

ಆ ಸಭೆಯವರಿಗೆ ಇಷ್ಟು ಸರಳತೆ ಸಾಕಾದೀತೇ ಎಂಬ ಅನುಮಾನ ನಿಮಗಿರಬಹುದು. ಪಶ್ಚಿಮ ಟೆಕ್ಸಾಸ್‌ನ ಫೋರ್ಟ್ ಡೇವಿಸ್ ಬಳಿ 1890ರಲ್ಲಿ ವಿಲಿಯಂ ಬ್ಲಾಯ್ಸ್ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿ ರ‍್ಯಾಂಚ್ ಕುಟುಂಬಗಳನ್ನು ಸೇರಿಸಿ ಕೂಟ ನಡೆಸಿದಾಗ ಅವರ ಪ್ರಸಂಗಪೀಠವಾಗಿದ್ದದ್ದು ಕಾಫಿಯ ಮರದ ಪೆಟ್ಟಿಗೆ. ಇಂದಿನ ಕೌಬಾಯ್ ಚರ್ಚುಗಳಲ್ಲಿ ಜಾನುವಾರು ನೀರು ಕುಡಿಯುವ ತೊಟ್ಟಿಯಲ್ಲಿಯೇ ದೀಕ್ಷಾಸ್ನಾನ ಕೊಡುವುದುಂಟು. ಕೆಲಸದ ಸಾಮಾನೇ ಆರಾಧನೆಯ ಸಾಮಾನೂ ಆಗಿರುವ ಜನರಿಗೆ ಸವೆದ ಜೀನು, ತೇಪೆ ಹಾಕಿದ ಮಂಡಿ, ನೆಲಕ್ಕೆ ಬಿಟ್ಟ ಲಗಾಮು ಅರ್ಥವಾಗದೆ ಹೋಗುವುದಿಲ್ಲ.

ವಾಕ್ಯದ ಆಯ್ಕೆಯಲ್ಲಿ ತುಸು ಜಾಗರೂಕರಾಗಿರಿ. ಸತ್ಯವೇದದಲ್ಲಿ ಕುದುರೆ ಹೆಚ್ಚಾಗಿ ಯುದ್ಧದ ಮತ್ತು ಅರಸರ ಬಲದ ಪ್ರಾಣಿ. ಅದನ್ನು ನೆಚ್ಚಬಾರದೆಂದೇ ಕೀರ್ತನೆ 20:7 ಮತ್ತು 33:17 ಎಚ್ಚರಿಸುತ್ತವೆ, ಜೆಕರ್ಯ 9:9ರಲ್ಲಿ ಬರುವ ಸಮಾಧಾನದ ಅರಸನು ಕತ್ತೆಯನ್ನೇರಿ ಬರುತ್ತಾನೆ. ಯೋಬನ 39ನೆಯ ಅಧ್ಯಾಯದಲ್ಲಿ ಕುದುರೆಯ ಭವ್ಯ ವರ್ಣನೆಯಿದೆ, ಆದರೆ ಅದು ಕಹಳೆಯ ದನಿಗೆ ಕೆನೆಯುವ ರಣರಂಗದ ಕುದುರೆ. ಒಂದು ಹಿಂಗಾಲನ್ನು ಸಡಿಲಬಿಟ್ಟು ನಿಂತ ಈ ಕುದುರೆಗೆ ಅದು ಒಪ್ಪದು. ನೀತಿವಂತನು ತನ್ನ ದನದ ಜೀವದ ಬಗ್ಗೆ ಕಾಳಜಿ ವಹಿಸುತ್ತಾನೆಂಬ ಜ್ಞಾನೋಕ್ತಿ 12:10 ಈ ಚಿತ್ರಕ್ಕೆ ಸರಿಹೊಂದುತ್ತದೆ. ಸಾವಿರ ಗುಡ್ಡಗಳ ದನಗಳೂ ದೇವರವೇ ಎನ್ನುವ ಕೀರ್ತನೆ 50:10 ರ‍್ಯಾಂಚ್ ಜನರಿಗೆ ಪ್ರಿಯವಾದದ್ದು, ಅದೂ ಆಗಬಹುದು. ಅಕ್ಷರಗಳನ್ನು ಚಿತ್ರದ ಮೇಲೆ ಬರೆಯದೆ ಚೌಕಟ್ಟಿನ ಹಿಂಬದಿಯಲ್ಲಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಶಾಯಿಯಿಂದ ಬರೆಯಿರಿ. ಫೋಟೋ ತೆಗೆದ ಸ್ನೇಹಿತರ ಒಪ್ಪಿಗೆ ಪಡೆದು ಅವರ ಹೆಸರನ್ನೂ ಅಲ್ಲೇ ನಮೂದಿಸುವುದು ಸೌಜನ್ಯ.

ಮುಗಿದ ಮೇಲೆ, ಇದ್ದಿಲಿನ ಪುಡಿ ಉದುರದಂತೆ ಹಿಡಿದಿಡುವ ಫಿಕ್ಸೆಟಿವ್ ದ್ರವವನ್ನು ಗಾಳಿಯಾಡುವ ಜಾಗದಲ್ಲಿ, ಸುಮಾರು 30 ಸೆಂ.ಮೀ. ದೂರದಿಂದ, ತೆಳುವಾಗಿ ಎರಡು ಮೂರು ಸಲ ಸಿಂಪಡಿಸಿ. ಅದರಿಂದ ಬಿಳಿಗಳು ಮಂಕಾಗುವುದರಿಂದ ಹಣೆಯ ಮತ್ತು ಬೆನ್ನಿನ ಬಿಳಿಯನ್ನು ಸಿಂಪಡಿಸಿದ ನಂತರವೇ ಕೊನೆಯದಾಗಿ ಇಡಿ. ಮಳೆಗಾಲದಲ್ಲಿ ಹಾಳೆ ತೇವ ಹೀರಿ ಬೂಷ್ಟು ಹಿಡಿಯುವುದುಂಟು, ಹಾಗಾಗಿ ಪ್ಯಾಕ್ ಮಾಡುವ ಮುನ್ನ ಹಾಳೆ ಪೂರ್ತಿ ಒಣಗಿರಲಿ. ಇಲ್ಲಿಂದಲೇ ಗಾಜು ಹಾಕಿಸಿ ಕಳುಹಿಸಬೇಡಿ. ಹಾಳೆಯ ಮೇಲೆ ಗ್ಲಾಸೀನ್ ಎಂಬ ನುಣುಪಾದ ತೆಳು ಕಾಗದ ಹೊದಿಸಿ, ಅದು ಜಾರಿ ಉಜ್ಜದಂತೆ ಅಂಚುಗಳಲ್ಲಿ ಟೇಪು ಹಾಕಿ, ಎರಡು ಗಟ್ಟಿ ರಟ್ಟುಗಳ ನಡುವೆ ಚಪ್ಪಟೆಯಾಗಿ ಇಟ್ಟು ಕಳುಹಿಸಿ, ಸುರುಳಿ ಮಾಡಬೇಡಿ. ಅಲ್ಲಿ ಚೌಕಟ್ಟು ಹಾಕಿಸುವಾಗ ಅಕ್ರಿಲಿಕ್ ಹಾಳೆಯ ಬದಲು ಗಾಜನ್ನೇ ಹಾಕಿಸಬೇಕು, ಗಾಜು ಚಿತ್ರವನ್ನು ತಾಗದಂತೆ ನಡುವೆ ಮೌಂಟಿನ (ಚಿತ್ರದ ಸುತ್ತ ಇಡುವ ದಪ್ಪ ರಟ್ಟಿನ) ಅಂತರ ಬಿಡಿಸಬೇಕು ಎಂದು ಸ್ನೇಹಿತರಿಗೆ ತಿಳಿಸಿ, ಏಕೆಂದರೆ ಅಕ್ರಿಲಿಕ್‌ನ ಸ್ಥಿರವಿದ್ಯುತ್ತು ಇದ್ದಿಲಿನ ಪುಡಿಯನ್ನು ಕಾಗದದಿಂದ ತನ್ನ ಕಡೆಗೆ ಎಳೆದುಕೊಳ್ಳುತ್ತದೆ.