ಮೊದಲ ವರ್ಷದ ಅಂಕ ಮತ್ತು ಪಿಜಿ ಸೀಟು

ಕಾರವಾರದ ಮೆಡಿಕಲ್ ಕಾಲೇಜಲ್ಲಿ ಮೊದಲ ವರ್ಷ, ಅನಾಟಮಿ (ದೇಹರಚನೆ) ಇಂಟರ್ನಲ್ಸ್‌ಗೆ ಶೇ. 54 ಬಂದಿದೆ, ಪಿಜಿ (ಎಂಬಿಬಿಎಸ್ ನಂತರದ ಸ್ನಾತಕೋತ್ತರ ಓದು) ಆಸೆ ಬಿಡಬೇಕಾ ಅಂತ ಕೇಳಿದ್ದೀಯಲ್ಲ ತಂಗಿ. ಖಂಡಿತ ಬಿಡಬೇಡ. ಪಿಜಿ ಸೀಟು ಸಿಗುವುದು ನೀಟ್ ಪಿಜಿ ಪ್ರವೇಶ ಪರೀಕ್ಷೆಯ ರ‍್ಯಾಂಕಿನ ಮೇಲೆ. ಮೊದಲ ವರ್ಷದ ಅಂಕ ಅದಕ್ಕೆ ಸೇರುವುದಿಲ್ಲ. ಅಮೆರಿಕದಲ್ಲಿ ಡಾಕ್ಟರ್ ಆಗಲು ಬರೆಯುವ ಸ್ಟೆಪ್ 1 ಪರೀಕ್ಷೆಯೂ 2022ರಿಂದ ಬರೀ ಪಾಸ್, ಫೇಲ್ ಅಷ್ಟೇ.

ಫೇಲ್ ಆಗುವುದು ಮಾತ್ರ ಬೇರೆ ಮಾತು. ಮೊದಲ ವರ್ಷ ಪಾಸಾಗಲು ನಾಲ್ಕೇ ಅವಕಾಶ. ಥಿಯರಿಗೆ ಶೇ. 75, ಪ್ರಾಕ್ಟಿಕಲ್‌ಗೆ ಶೇ. 80 ಹಾಜರಿ ಬೇಕೇ ಬೇಕು.

ಅಂಕಕ್ಕಿಂತ ಓದು ಜಾಸ್ತಿ ಮುಖ್ಯ. ನಮ್ಮ ಶಿರಸಿ ಕಡೆಯ ಕೊನೆಗೌಡರೊಬ್ಬರು (ಅಡಿಕೆ ಕೊನೆ ಕೊಯ್ಯುವವರು) ಅಡಿಕೆ ಮರದಿಂದ ಬಿದ್ದು, ತೋಳಿನ ಮೂಳೆ ನಡುವೆ ಮುರಿದುಕೊಂಡು ಬರುತ್ತಾರೆ ಅಂದುಕೋ. ಮಣಿಕಟ್ಟು ಮೇಲೆತ್ತಲು ಆಗುತ್ತಿಲ್ಲ. ಮಣಿಕಟ್ಟು ಎತ್ತಿಸುವ ರೇಡಿಯಲ್ ನರ ಆ ಮೂಳೆಯ ಹಿಂಬದಿಗೆ ತಾಗಿಕೊಂಡೇ ಇಳಿಯುತ್ತದೆ ಅನ್ನುವುದು ಗೊತ್ತಿದ್ದರೆ, ಪ್ಲಾಸ್ಟರ್ ಹಾಕುವ ಮೊದಲೇ ಕೈ ಪರೀಕ್ಷಿಸಿ ಬರೆದಿಡುತ್ತೀಯ. ಇದು ಮೊದಲ ವರ್ಷದ ಪಾಠವೇ ಅಲ್ವಾ? ನೀಟ್ ಪಿಜಿಯಲ್ಲೂ ಇಂಥದ್ದನ್ನೇ ಕೇಳುತ್ತಾರೆ.

ಸುಮ್ನೆ ಕೊರಗಬೇಡ. ಉತ್ತರಪತ್ರಿಕೆ ಹಿಡಿದು ಮೇಷ್ಟ್ರ ಹತ್ತಿರ ಹೋಗು, ಅಂಕ ಎಲ್ಲಿ ಹೋಯಿತು ಕೇಳು. ಬರೆಯುವ ಇಂಗ್ಲಿಷ್ ತೊಡಕಾಗಿದ್ದರೆ ಚಿತ್ರ ಬಿಡಿಸಿ ಹೆಸರು ಗುರುತಿಸುವುದನ್ನು ದಿನಾ ಮಾಡು. ಅನಾಟಮಿಯಲ್ಲಿ ಅಂಕ ಬೇಗ ಏರುವುದು ಅಲ್ಲೇ.